ಮಾದರಿ ರೈಲು ಕಟ್ಟಡ ಕಿಟ್‌ಗಳು

ನಿಲ್ದಾಣ, ಸಿಗ್ನಲ್ ಕ್ಯಾಬಿನ್, ಗೂಡ್ಸ್ ಷೆಡ್, ನೀರಿನ ಟ್ಯಾಂಕ್, ರೈಲ್ವೆ ಕ್ವಾರ್ಟರ್ಸ್, ಕಾರ್ಖಾನೆ, ಮನೆ, ಅಂಗಡಿ ಮೊದಲಾದ ಕಟ್ಟಡಗಳನ್ನು ಗೊತ್ತಾದ ಪ್ರಮಾಣಕ್ಕೆ ಕುಗ್ಗಿಸಿ, ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿಟ್ಟು ಮಾರುವ ಸಾಮಗ್ರಿ. ಕೊಂಡವರು ಸೂಚನೆಯ ಹಾಳೆ ನೋಡಿಕೊಂಡು ಭಾಗಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ ತಮ್ಮ ಮಾದರಿ ರೈಲಿನ ಹಳಿಯ ಪಕ್ಕ ನಿಲ್ಲಿಸುತ್ತಾರೆ. ಕಿಟ್‌ಗಳು ರಟ್ಟು, ಮರ, ಪ್ಲಾಸ್ಟಿಕ್, ಪ್ಲಾಸ್ಟರ್, ರೆಸಿನ್, ಲೋಹ ಹೀಗೆ ಹಲವು ವಸ್ತುಗಳಲ್ಲಿ ಬರುತ್ತವೆ. ಹವ್ಯಾಸಿಗಳ ಮೇಜಿನಿಂದ ಹೊರಟ ಈ ವಸ್ತು ವಸ್ತುಸಂಗ್ರಹಾಲಯ, ಸಿನಿಮಾ ಸೆಟ್ ಮತ್ತು ಶಾಲಾ ಪ್ರದರ್ಶನಗಳವರೆಗೂ ಹೋಗಿದೆ.

ಎಂಜಿನ್, ಬೋಗಿ, ಹಳಿ ತಯಾರಿಸುವವರು ದೊಡ್ಡ ಕಂಪನಿಗಳಾಗಿ ಬೆಳೆದರೂ ಕಟ್ಟಡದ ಕಿಟ್ ಮಾಡುವವರಲ್ಲಿ ಹೆಚ್ಚಿನವರು ಒಂದು ಕುಟುಂಬ, ಒಂದು ಊರು, ಕೆಲವೇ ಕೆಲಸಗಾರರ ಮಿತಿಯಲ್ಲಿ ಉಳಿದರು. ಇದಕ್ಕೆ ಕಾರಣ ಆ ವಸ್ತುವಿನಲ್ಲೇ ಇದೆ. ಒಂದೇ ಬಗೆಯ ಎಂಜಿನ್ ದೇಶದ ಉದ್ದಗಲಕ್ಕೂ ಓಡುತ್ತದೆ. ಅದರ ಮಾದರಿಗೆ ಎಲ್ಲೆಡೆಯೂ ಗಿರಾಕಿ ಸಿಗುತ್ತಾರೆ. ಮನೆ, ಗೋದಾಮು, ನಿಲ್ದಾಣಗಳಾದರೋ ಆಯಾ ನೆಲದ ಕಲ್ಲು, ಮರ, ಮಳೆ, ಬಿಸಿಲಿಗೆ ತಕ್ಕಂತೆ ಕಟ್ಟಿದವು. ಒಂದು ಸೀಮೆಯ ಮನೆಯ ಮಾದರಿ ಇನ್ನೊಂದು ಸೀಮೆಗೆ ಒಗ್ಗುವುದಿಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಸೀಮೆಯಲ್ಲಿ ಇದು ಎದ್ದು ಕಾಣುತ್ತದೆ. ಈ ಸೀಮೆಯನ್ನು ಮಾದರಿಯಾಗಿ ಕಟ್ಟಲು ಹೊರಟವರಿಗೆ ಸಿಮೆಂಟ್ ಕಾರ್ಖಾನೆಯ ಕಿಟ್ ಅಮೆರಿಕದಿಂದ ಸಿಗುತ್ತದೆ. ಪರ್ಸಿ ಎಂಬ ಹಾಸುಗಲ್ಲು ಹೊದಿಸಿದ ಮಾಳಿಗೆ ಮನೆಯನ್ನು ಅವರೇ ಅಳೆದು ಕಟ್ಟಿಕೊಳ್ಳಬೇಕಾಗುತ್ತದೆ.

ಪ್ರಮಾಣ ಮತ್ತು ಅಳತೆ

ಮಾದರಿ ರೈಲಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಪ್ರಮಾಣ. ನಿಜವಾದ ಒಂದು ಅಡಿಗೆ ಮಾದರಿಯಲ್ಲಿ 3.5 ಮಿ.ಮೀ., ಅಂದರೆ 87ರಲ್ಲಿ 1 ಪಾಲು. ಬ್ರಿಟನ್ನಿನಲ್ಲಿ ಒಂದು ಅಡಿಗೆ 4 ಮಿ.ಮೀ. ಲೆಕ್ಕದ ಒಒ ಪ್ರಮಾಣ ರೂಢಿಯಲ್ಲಿದೆ. ಇನ್ನೂ ಸಣ್ಣದು 160ರಲ್ಲಿ 1 ಪಾಲಿನ ಎನ್ ಪ್ರಮಾಣ. 1972ರಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿ ತಂದ ಜೆಡ್ ಪ್ರಮಾಣ 220ರಲ್ಲಿ 1 ಪಾಲು. ಎಚ್‌ಒದಲ್ಲಿ ಹತ್ತು ಅಡಿ ಎತ್ತರದ ಗೋಡೆ 35 ಮಿ.ಮೀ. ಆಗುತ್ತದೆ, ಐದೂವರೆ ಅಡಿಯ ಮನುಷ್ಯ 19 ಮಿ.ಮೀ.ಗೆ ಇಳಿಯುತ್ತಾನೆ.

ಭಾರತದ ರೈಲಿಗೆ ಇಲ್ಲೊಂದು ತೊಡಕಿದೆ. ಅಂತರರಾಷ್ಟ್ರೀಯ ಮಾರುಕಟ್ಟೆಯ ಎಚ್‌ಒ ಹಳಿಯ ಅಗಲ 16.5 ಮಿ.ಮೀ.; ಅದು 1,435 ಮಿ.ಮೀ. ಅಗಲದ ಯುರೋಪು–ಅಮೆರಿಕದ ಹಳಿಗೆ ಸರಿಹೊಂದುವಂಥದು. ನಮ್ಮ ಬ್ರಾಡ್‌ಗೇಜ್ ಐದೂವರೆ ಅಡಿ, ಅಂದರೆ 1,676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಹಳಿ, ಚಕ್ರ ಎಲ್ಲವನ್ನೂ ಹೊಸದಾಗಿ ಮಾಡಿಕೊಳ್ಳುವುದು ದುಬಾರಿ ಎಂದು ಹೆಚ್ಚಿನ ಭಾರತೀಯ ಹವ್ಯಾಸಿಗಳು 16.5 ಮಿ.ಮೀ. ಹಳಿಯನ್ನೇ ಒಪ್ಪಿಕೊಂಡು, ಗಾಡಿ ಮತ್ತು ಕಟ್ಟಡವನ್ನು ಮಾತ್ರ ಸರಿಯಾದ ಅಳತೆಗೆ ಇಡುತ್ತಾರೆ. ಹೀಗಾಗಿ ಹಳಿಯಲ್ಲಿ ತಪ್ಪಿದ ಲೆಕ್ಕವನ್ನು ಕಣ್ಣಿಗೆ ಸರಿದೂಗಿಸುವ ಭಾರವೂ ಕಟ್ಟಡದ ಮೇಲೆ ಬೀಳುತ್ತದೆ.

ಉದ್ದದ ವಿಷಯದಲ್ಲಿ ಯಾವ ದೇಶದವರೂ ಪೂರ್ತಿ ಪ್ರಾಮಾಣಿಕರಾಗಿರಲು ಆಗದು. 24 ಬೋಗಿಯ ಗಾಡಿ ನಿಲ್ಲುವ ಪ್ಲಾಟ್‌ಫಾರಂ ಎಚ್‌ಒದಲ್ಲಿಯೂ ಆರು ಮೀಟರಿಗಿಂತ ಉದ್ದ ಬೇಡುತ್ತದೆ; ಸಾಧಾರಣ ಮನೆಯ ಕೋಣೆಯಲ್ಲಿ ಅಷ್ಟು ಜಾಗವಿರುವುದಿಲ್ಲ. ಬಾಗಿಲು, ಕಿಟಕಿ, ಮೆಟ್ಟಿಲುಗಳ ಅಳತೆಯನ್ನು ಹಾಗೆಯೇ ಇಟ್ಟುಕೊಂಡು, ಕಟ್ಟಡದ ಉದ್ದದಲ್ಲಿ ಒಂದೆರಡು ಅಂಕಣ ಕಡಿಮೆ ಮಾಡುವುದು ಹೆಚ್ಚಿನ ಕಿಟ್ ತಯಾರಕರು ಬಳಸುವ ಉಪಾಯ. ಹೀಗೆ ಕುಗ್ಗಿಸಿದ್ದು ನೋಡಿದವರಿಗೆ ಗೊತ್ತಾಗಬಾರದು. ಒಳ್ಳೆಯ ತಯಾರಕನ ಕೈಚಳಕ ಕಾಣುವುದು ಇಲ್ಲಿಯೇ.

ಆಟಿಕೆಯಿಂದ ಮಾದರಿಯ ಕಡೆಗೆ

ಆಟಿಕೆ ರೈಲಿಗೆ ಕಟ್ಟಡ ಒದಗಿಸುವ ರೂಢಿ 19ನೇ ಶತಮಾನದ್ದು. 1859ರಲ್ಲಿ ಶುರುವಾದ ಮಾರ್ಕ್ಲಿನ್ ಸಂಸ್ಥೆ 1891ರ ಲೈಪ್ಜಿಗ್ ಮೇಳದಲ್ಲಿ ಗೊತ್ತಾದ ಗೇಜ್‌ಗಳ ರೈಲನ್ನು ಪ್ರದರ್ಶಿಸಿದ ಮೇಲೆ ಹಳಿ, ಗಾಡಿ, ನಿಲ್ದಾಣಗಳನ್ನು ಒಂದೊಂದಾಗಿ ಕೊಂಡು ಬೆಳೆಸುವ ಪದ್ಧತಿ ಬಂತು. ಆಗಿನ ನಿಲ್ದಾಣಗಳು ತಗಡಿನವು, ಸಿದ್ಧವಾಗಿಯೇ ಬರುತ್ತಿದ್ದವು. ಇಂಗ್ಲೆಂಡಿನಲ್ಲಿ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ರೈಲುಗಳನ್ನು ಮಾರುಕಟ್ಟೆಗೆ ತಂದ ನಂತರ ಅವನ ಕಂಪನಿಯ ತಗಡಿನ ನಿಲ್ದಾಣಗಳೂ ಮನೆಮಾತಾದವು. ಕಟ್ಟಡದ ಆಕಾರ ಒಂದೇ. ಮೇಲೆ ಮುದ್ರಿಸಿದ ಊರಿನ ಹೆಸರು ಮಾತ್ರ ಬೇರೆ ಬೇರೆ: ರಿಪನ್, ಮಾರ್ಗೇಟ್, ರೆಡಿಂಗ್, ವೆಂಬ್ಲಿ. ಮಗುವಿಗೆ ಅದರಿಂದ ಏನೂ ಕೊರತೆ ಆಗಲಿಲ್ಲ. ಆದರೆ ಬೆಳೆದ ಹವ್ಯಾಸಿಗೆ ತನ್ನ ಊರಿನ ನಿಲ್ದಾಣ ತನ್ನ ಊರಿನದಾಗಿಯೇ ಕಾಣಬೇಕಿತ್ತು.

ಆಟಿಕೆಗೂ ಮಾದರಿಗೂ ನಡುವಿನ ಗೆರೆ 1930ರ ದಶಕದಲ್ಲಿ ಖಚಿತವಾಯಿತು. ಅಮೆರಿಕದ ಮಿಲ್ವಾಕಿ ನಗರದಲ್ಲಿ 1932ರಲ್ಲಿ ವಾಲ್ತರ್ಸ್ ಸಂಸ್ಥೆ ಹುಟ್ಟಿತು. 1934ರಲ್ಲಿ ಅಲ್ಲಿಯೇ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆ ಆರಂಭವಾಯಿತು. 1935ರಲ್ಲಿ ಅಳತೆಗಳನ್ನು ಗೊತ್ತುಮಾಡುವ ರಾಷ್ಟ್ರೀಯ ಸಂಘವೊಂದು ಅದೇ ಊರಿನಲ್ಲಿ ರೂಪುಗೊಂಡಿತು. ಪತ್ರಿಕೆಗಳು ನಿಜವಾದ ಕಟ್ಟಡಗಳ ನಕ್ಷೆಗಳನ್ನು ಪ್ರಕಟಿಸತೊಡಗಿದವು. ಓದುಗರು ರಟ್ಟು, ಬೆಂಕಿಕಡ್ಡಿ, ಮರದ ಚಕ್ಕೆಗಳಿಂದ ಅವನ್ನು ಕಟ್ಟಿದರು. ಚಕ್ಕೆಗಳನ್ನು ಮೊದಲೇ ಕತ್ತರಿಸಿ ಪೆಟ್ಟಿಗೆಗೆ ಹಾಕಿದರೆ ಕೊಳ್ಳುವವರಿದ್ದಾರೆ ಎಂದು ಕೆಲವರಿಗೆ ಹೊಳೆದದ್ದೇ ಕಿಟ್ ಉದ್ಯಮದ ಮೊದಲು.

ಯುದ್ಧಾನಂತರದ ಬೆಳವಣಿಗೆ

ಎರಡನೆಯ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಈ ಉದ್ಯಮ ಬಲವಾಗಿ ಬೇರೂರಿತು. ಹರ್ಮನ್ ಮತ್ತು ಎಡ್ವಿನ್ ಫಾಲರ್ ಎಂಬ ಸಹೋದರರು 1946ರಲ್ಲಿ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಸೀಮೆಯ ಗ್ಯೂಟೆನ್‌ಬಾಖ್ ಎಂಬ ಪುಟ್ಟ ಊರಿನಲ್ಲಿ ಕೆಲಸ ಶುರುಮಾಡಿದರು. ಮೊದಮೊದಲು ಮರ ಮತ್ತು ರಟ್ಟು, 1950ರ ದಶಕದಲ್ಲಿ ಪ್ಲಾಸ್ಟಿಕ್. ಅವರ ಕಿಟ್‌ಗಳಲ್ಲಿ ಇಳಿಜಾರಾದ ದೊಡ್ಡ ಮಾಡು, ಮರದ ಜಗಲಿ, ನೀರಿನ ಗಿರಣಿ ಮತ್ತೆ ಮತ್ತೆ ಬಂದವು. ಎಲ್ಲ ಅವರ ಕಿಟಕಿಯಿಂದ ಕಾಣುವ ಸೀಮೆಯದೇ. 1961ರಲ್ಲಿ ತಂದ ‘ವಿಲ್ಲಾ ಇಮ್ ಟೆಸ್ಸಿನ್’ ಕಿಟ್‌ಗೆ ಮೂಲ ಸ್ವಿಟ್ಜರ್ಲೆಂಡಿನ ಅಂಬ್ರಿ ಎಂಬಲ್ಲಿನ ಆಧುನಿಕ ಮನೆ. ಗಾಜಿನ ದೊಡ್ಡ ಕಿಟಕಿಗಳ ಆ ಮನೆ ಯುದ್ಧಾನಂತರದ ಜರ್ಮನ್ ಕುಟುಂಬಗಳ ಕನಸಿಗೆ ಒಪ್ಪಿ ಹಲವು ದಶಕ ಬಿಕರಿಯಾಯಿತು. ಇಷ್ಟು ಹೆಸರಿದ್ದೂ ಫಾಲರ್ ಸಂಸ್ಥೆ 2009ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಗಿ, ಚೇತರಿಸಿಕೊಂಡು ಮುಂದುವರಿಯಿತು.

ಅದೇ ದೇಶದ ಸ್ಯಾಕ್ಸನಿಯಲ್ಲಿ 1885ರಷ್ಟು ಹಿಂದೆಯೇ ಹುಟ್ಟಿದ ಔಹಾಗೆನ್ ಸಂಸ್ಥೆಯ ಕಥೆ ಬೇರೆ. ಕಮ್ಯುನಿಸ್ಟ್ ಆಡಳಿತದ ಪೂರ್ವ ಜರ್ಮನಿಯಲ್ಲಿ 1972ರಲ್ಲಿ ಅದು ಸರ್ಕಾರದ ಸ್ವತ್ತಾಯಿತು. ಎರಡೂ ಜರ್ಮನಿಗಳು ಒಂದಾದ ಕಾಲಕ್ಕೆ ಮತ್ತೆ ಖಾಸಗಿ ಕೈಗೆ ಬಂತು. 1895ರಷ್ಟು ಹಳೆಯ ಕಿಬ್ರಿ 2010ರಲ್ಲಿ, ಸ್ಟುಟ್‌ಗಾರ್ಟ್‌ನ ಫೋಲ್ಮರ್ 2014ರಲ್ಲಿ ಸ್ವತಂತ್ರ ಅಸ್ತಿತ್ವ ಕಳೆದುಕೊಂಡು, ಅವುಗಳ ಅಚ್ಚುಗಳು ವೀಸ್‌ಮನ್ ಎಂಬ ಇನ್ನೊಂದು ಸಂಸ್ಥೆಯ ಪಾಲಾದವು. ಈ ಉದ್ಯಮದಲ್ಲಿ ಆಸ್ತಿ ಎಂದರೆ ಉಕ್ಕಿನ ಅಚ್ಚು. ಕಂಪನಿ ಮುಚ್ಚಿದರೂ ಅಚ್ಚು ಕೈಬದಲಾಗಿ, ಅದೇ ಕಟ್ಟಡ ಬೇರೆ ಹೆಸರಿನ ಪೆಟ್ಟಿಗೆಯಲ್ಲಿ ಮತ್ತೆ ಬರುತ್ತದೆ.

ಬ್ರಿಟನ್ನಿನ ಏರ್‌ಫಿಕ್ಸ್ ಇದಕ್ಕೆ ಒಳ್ಳೆಯ ಸಾಕ್ಷಿ. ವಿಮಾನದ ಕಿಟ್‌ಗಳಿಗೆ ಹೆಸರಾದ ಈ ಕಂಪನಿ 1950ರ ದಶಕದ ಕೊನೆಯಲ್ಲಿ ಹಳಿಬದಿಯ ಕಟ್ಟಡಗಳ ಅಗ್ಗದ ಪ್ಲಾಸ್ಟಿಕ್ ಕಿಟ್‌ಗಳನ್ನು ತಂದಿತು. ಅದರ ಸಿಗ್ನಲ್ ಕ್ಯಾಬಿನ್‌ಗೆ ಮೂಲವಾದದ್ದು ರಟ್ಲೆಂಡ್ ಪ್ರಾಂತದ ಓಕಂ ಲೆವೆಲ್ ಕ್ರಾಸಿಂಗ್ ಪಕ್ಕದ ಕ್ಯಾಬಿನ್. ಸಾವಿರಾರು ಮನೆಗಳಲ್ಲಿ ಅದರ ಮಾದರಿ ನಿಂತಿದ್ದರಿಂದ ಒಂದು ಸಾಧಾರಣ ಕ್ಯಾಬಿನ್ ದೇಶದಾದ್ಯಂತ ಗುರುತಾಯಿತು. ಈಗ ಅದು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ. ಅಚ್ಚುಗಳು 1980ರ ದಶಕದಲ್ಲಿ ಡಾಪೋಲ್ ಕಂಪನಿಗೆ ಹೋದವು. ಯಾರ್ಕ್‌ಷೈರ್‌ನ ಮೆಟ್‌ಕಾಫ್ ಸಂಸ್ಥೆಯಾದರೋ ರಟ್ಟಿಗೇ ಅಂಟಿಕೊಂಡು, ತನ್ನ ಸೀಮೆಯ ಕಲ್ಲುಗೋಡೆಯನ್ನು ಅದರ ಮೇಲೆ ಮುದ್ರಿಸಿ ಮಾರುತ್ತ ಬಂದಿದೆ.

ಒಂದು ಸಣ್ಣ ಸಂಸ್ಥೆ: ಫೈನ್ ಸ್ಕೇಲ್ ಮಿನಿಯೇಚರ್ಸ್

ಸಣ್ಣ ತಯಾರಕ ಹೇಗೆ ಬಾಳಬಹುದು ಎಂಬುದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪೀಬಾಡಿ ಊರಿನ ಫೈನ್ ಸ್ಕೇಲ್ ಮಿನಿಯೇಚರ್ಸ್ ಪ್ರಸಿದ್ಧ ಉದಾಹರಣೆ. ಜಾರ್ಜ್ ಸೆಲಿಯೊಸ್ 1967ರಲ್ಲಿ ಇದನ್ನು ಆರಂಭಿಸಿದ. ಆ ವೇಳೆಗೆ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್ ಸಂಸ್ಥೆ ಮರದ ಕಿಟ್‌ಗಳಲ್ಲಿ ಹೆಸರು ಮಾಡಿತ್ತು. ಮಾಡಿಗೆ ಹೊದಿಸುವ ಮರದ ಬಿಲ್ಲೆಗಳನ್ನು ಕಾಗದದ ಸುರುಳಿಯಲ್ಲಿ ಕತ್ತರಿಸಿ, ಹಿಂಬದಿಗೆ ಅಂಟು ಸವರಿ ಮಾರುವ ಜಾಣತನ ಅದರದು. ಸೆಲಿಯೊಸ್ ಇದೇ ದಾರಿಯಲ್ಲಿ ಇನ್ನೂ ಮುಂದಕ್ಕೆ ಹೋದ.

ಅವನ ಪೆಟ್ಟಿಗೆಯಲ್ಲಿ ಮರದ ಸಣ್ಣ ಪಟ್ಟಿಗಳು, ಅಚ್ಚಿನಲ್ಲಿ ಎರೆದ ಬಿಳಿಲೋಹದ ಬಿಡಿಭಾಗಗಳು, ನಕ್ಷೆ, ಫೋಟೊ ಸಹಿತ ದೀರ್ಘವಾದ ಸೂಚನೆಗಳು ಇರುತ್ತಿದ್ದವು. ಪೀಪಾಯಿ, ಸರಪಳಿ, ಕಸದ ರಾಶಿ, ಮುರಿದ ಪೆಟ್ಟಿಗೆಯಂಥ ಚಿಲ್ಲರೆ ಸಾಮಾನುಗಳಿಗೆ ಲೆಕ್ಕವಿರಲಿಲ್ಲ. ಯಾವ ಪಟ್ಟಿಗೆ ಯಾವ ಬಣ್ಣದ ತೆಳುನೀರು ಸವರಬೇಕು, ಹಲಗೆಯ ಅಂಚನ್ನು ಎಲ್ಲಿ ಸೀಳಿ ಹಳೆಯದಾಗಿ ಕಾಣಿಸಬೇಕು ಎಂಬುದನ್ನು ಸೂಚನೆಗಳು ಹೆಜ್ಜೆಹೆಜ್ಜೆಯಾಗಿ ಕಲಿಸುತ್ತಿದ್ದವು. ಹೊಸ ಕಿಟ್ ಗೊತ್ತಾದಷ್ಟು ಸಂಖ್ಯೆಯಲ್ಲಿ ಮಾತ್ರ ಬರುತ್ತಿತ್ತು, ಬೇಗ ಖಾಲಿಯಾಗುತ್ತಿತ್ತು. ತೆರೆಯದ ಹಳೆಯ ಪೆಟ್ಟಿಗೆಗಳಿಗೆ ಮೂಲ ಬೆಲೆಗಿಂತ ಹೆಚ್ಚು ಕೊಡುವವರು ಹುಟ್ಟಿಕೊಂಡರು.

ಸೆಲಿಯೊಸ್ ಕಟ್ಟಿದ ‘ಫ್ರಾಂಕ್ಲಿನ್ ಆ್ಯಂಡ್ ಸೌತ್ ಮ್ಯಾಂಚೆಸ್ಟರ್’ ಎಂಬ ಎಚ್‌ಒ ಲೇಔಟ್ (ಹಳಿ, ಗಾಡಿ, ಕಟ್ಟಡ, ಸುತ್ತಲಿನ ನೆಲ ಎಲ್ಲ ಸೇರಿದ ಇಡೀ ಮಾದರಿ) 1930ರ ದಶಕದ ಆರ್ಥಿಕ ಮುಗ್ಗಟ್ಟಿನ ನ್ಯೂ ಇಂಗ್ಲೆಂಡನ್ನು ತೋರಿಸುತ್ತದೆ: ಬಣ್ಣ ಸುಲಿದ ಗೋದಾಮು, ಗೋಡೆಯ ಮೇಲೆ ಮಸುಕಾದ ಜಾಹೀರಾತು, ಒತ್ತೊತ್ತಾದ ಬಾಡಿಗೆ ಮನೆಗಳು. ಅದು ಹವ್ಯಾಸಿ ಪತ್ರಿಕೆಗಳಲ್ಲಿ ಪ್ರಕಟವಾದಂತೆಲ್ಲ ಕಿಟ್‌ಗೂ ಬೇಡಿಕೆ ಏರಿತು. ಒಬ್ಬನ ಕಣ್ಣು ಮತ್ತು ಒಂದು ಸೀಮೆಯ ನೆನಪು ಇವೆರಡೇ ಆ ಸಂಸ್ಥೆಯ ಬಂಡವಾಳ.

ಕಿಟ್‌ನಿಂದ ಬೇರೊಂದು ಪ್ರಯೋಜನವೂ ಆಯಿತು. ಮಾದರಿ ರೈಲಿನ ದಂತಕಥೆಯಾದ ಜಾನ್ ಅಲೆನ್ (1913–1973) ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಕಟ್ಟಿದ್ದ ಲೇಔಟ್ ಅವನು ತೀರಿಕೊಂಡ ಕೆಲದಿನಗಳಲ್ಲೇ ಬೆಂಕಿಗೆ ಆಹುತಿಯಾಯಿತು. ಅವನು ರೂಪಿಸಿದ್ದ ಎಂಜಿನ್ ಷೆಡ್ಡನ್ನು ಫೈನ್ ಸ್ಕೇಲ್ ಮಿನಿಯೇಚರ್ಸ್ ಕಿಟ್ಟಾಗಿ ತಂದದ್ದರಿಂದ ಆ ವಿನ್ಯಾಸ ಅನೇಕರ ಮನೆಗಳಲ್ಲಿ ಉಳಿದುಕೊಂಡಿತು.

ತಯಾರಿಕೆಯ ಬಗೆ

ಕಟ್ಟಡವನ್ನು ಆರಿಸಿಕೊಂಡ ಮೇಲೆ ಮೊದಲ ಕೆಲಸ ಅಳತೆ. ಗೋಡೆಗೆ ನೇರ ಎದುರು ನಿಂತು, ಅಳತೆಪಟ್ಟಿ ಒರಗಿಸಿದ ಕೋಲು ಚೌಕಟ್ಟಿನಲ್ಲಿ ಕಾಣುವಂತೆ ಫೋಟೊ ತೆಗೆಯುತ್ತಾರೆ. ಇಟ್ಟಿಗೆ ಅಥವಾ ಕಲ್ಲಿನ ವರಸೆ ಎಣಿಸಿದರೆ ಕೈಗೆಟುಕದ ಎತ್ತರವೂ ಲೆಕ್ಕಕ್ಕೆ ಸಿಗುತ್ತದೆ. ನಂತರ ನಕ್ಷೆ, ಅದರಿಂದ ಮೊದಲ ನಮೂನೆ, ತಿದ್ದುಪಡಿ, ಆಮೇಲೆ ಉತ್ಪಾದನೆ.

ಯಾವ ವಸ್ತು, ಯಾವ ವಿಧಾನ ಎಂಬುದನ್ನು ತೀರ್ಮಾನಿಸುವುದು ಎಷ್ಟು ಪೆಟ್ಟಿಗೆ ಖರ್ಚಾದೀತು ಎಂಬ ಅಂದಾಜು. ಪ್ಲಾಸ್ಟಿಕ್ ಕಿಟ್‌ಗೆ ಉಕ್ಕಿನ ಅಚ್ಚು ಕೊರೆಯಬೇಕು. ಕರಗಿದ ಪಾಲಿಸ್ಟೈರೀನನ್ನು ಒತ್ತಡದಿಂದ ಒಳಗೆ ತಳ್ಳಬೇಕು. ಅಚ್ಚಿಗೆ ಭಾರಿ ಹಣ ಬೀಳುತ್ತದೆ, ಆಮೇಲಿನ ಒಂದೊಂದು ತುಣುಕು ಅಗ್ಗ. ಸಾವಿರಗಟ್ಟಲೆ ಮಾರಿದರೆ ಮಾತ್ರ ಗಿಟ್ಟುತ್ತದೆ. ನೂರರ ಲೆಕ್ಕದಲ್ಲಿ ಮಾರುವವರು ಸಿಲಿಕೋನ್ ರಬ್ಬರಿನ ಅಚ್ಚಿನಲ್ಲಿ ರೆಸಿನ್ ಅಥವಾ ಪ್ಲಾಸ್ಟರ್ ಎರೆಯುತ್ತಾರೆ. ಈ ಅಚ್ಚನ್ನು ಕೋಣೆಯೊಂದರಲ್ಲೇ ಮಾಡಿಕೊಳ್ಳಬಹುದು, ಆದರೆ ಬೇಗ ಸವೆಯುತ್ತದೆ. ಕಲ್ಲುಗೋಡೆಯ ಒರಟುತನ ಪ್ಲಾಸ್ಟರಿನಲ್ಲಿ ಮೂಡಿದಷ್ಟು ಚೆನ್ನಾಗಿ ಪ್ಲಾಸ್ಟಿಕ್ಕಿನಲ್ಲಿ ಮೂಡದು.

1990ರ ದಶಕದಿಂದ ಲೇಸರ್ ಕಟಿಂಗ್ ಬಂದು ಸಣ್ಣ ತಯಾರಕರ ಕೈ ಬಲಪಡಿಸಿತು. ಇದಕ್ಕೆ ಅಚ್ಚು ಬೇಡ; ಕಂಪ್ಯೂಟರಿನಲ್ಲಿ ಬರೆದ ನಕ್ಷೆ ಸಾಕು. ತೆಳು ಪ್ಲೈವುಡ್, ಎಂಡಿಎಫ್, ರಟ್ಟು ಯಾವುದನ್ನಾದರೂ ಕತ್ತರಿಸುತ್ತದೆ. ಹತ್ತು ಪೆಟ್ಟಿಗೆಗೆ ಬೇಡಿಕೆ ಬಂದರೆ ಹತ್ತನ್ನೇ ಮಾಡಬಹುದು. ಲೇಸರ್ ಕಿರಣ ತನ್ನ ದಾರಿಯಲ್ಲಿ ಕೂದಲೆಳೆಯಷ್ಟು ವಸ್ತುವನ್ನು ಸುಟ್ಟುಬಿಡುವುದರಿಂದ ಕೀಲು ಸಡಿಲವಾಗದಂತೆ ನಕ್ಷೆಯಲ್ಲೇ ಅಷ್ಟು ಸೇರಿಸಿಡಬೇಕು. ಸುಟ್ಟು ಕಂದಾದ ಅಂಚನ್ನು ಬಣ್ಣದಿಂದ ಮುಚ್ಚಬೇಕು. ಈಚೆಗೆ ಬಾಗಿಲು, ಕಿಟಕಿ, ದೀಪದ ಕಂಬಗಳಂಥ ಸೂಕ್ಷ್ಮ ಭಾಗಗಳನ್ನು 3ಡಿ ಪ್ರಿಂಟರಿನಲ್ಲಿ ತೆಗೆಯುವುದು ಸಾಮಾನ್ಯವಾಗಿದೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಮಾದರಿ ರೈಲು ಹೆಚ್ಚಾಗಿ ವೈಯಕ್ತಿಕ ಹವ್ಯಾಸವಾಗಿ ಬೆಳೆದಿದೆ. ಸಾರ್ವಜನಿಕರು ನೋಡಬಹುದಾದ ಪ್ರಮುಖ ತಾಣ ಪುಣೆಯ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ. ಭಾವೂಸಾಹೇಬ್ ಜೋಶಿ ಅವರ ಹವ್ಯಾಸದಿಂದ ಬೆಳೆದ ಅದು 1998ರ ಏಪ್ರಿಲ್ 1ರಂದು ತೆರೆಯಿತು. ಅಲ್ಲಿ ರೈಲುಗಳ ಜೊತೆಗೆ ರಸ್ತೆ, ಸರ್ಕಸ್ ಡೇರೆ, ಮನೆಗಳಿರುವ ಒಂದು ಪುಟ್ಟ ಊರೇ ಇದೆ. ನಿಜವಾದ ಗಾಡಿಗಳ ಸಂಗ್ರಹಕ್ಕೆ ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯ (1977), ಮೈಸೂರಿನ ರೈಲು ವಸ್ತುಸಂಗ್ರಹಾಲಯ (1979), ಹುಬ್ಬಳ್ಳಿಯ ವಸ್ತುಸಂಗ್ರಹಾಲಯ (2020) ಹೆಸರಾಗಿವೆ. ಹಳೆಯ ಎಂಜಿನ್, ಬೋಗಿಗಳನ್ನು ಹತ್ತಿರದಿಂದ ನೋಡಿ ಅಳತೆ ತಾಳೆ ನೋಡಬೇಕೆನ್ನುವವರಿಗೆ ಇವು ಪಾಠಶಾಲೆ.

ಕರ್ನಾಟಕದಲ್ಲಿ ಸಣ್ಣದಾಗಿ ಕಟ್ಟುವ ಕಲೆಗೆ ಬೇರೆ ಬೇರುಗಳಿವೆ. ಮೈಸೂರು ಸೀಮೆಯ ದಸರಾ ಬೊಂಬೆ ಹಬ್ಬದಲ್ಲಿ ಮಣೆಗಳ ಪಕ್ಕ ಊರು, ಹೊಲ, ಕೆರೆ, ಗುಡಿ ಜೋಡಿಸುವ ರೂಢಿ ಇದೆ. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರವನ್ನು ಲೇತ್ ಮೇಲೆ ಕಡೆದು ಅರಗಿನ ಬಣ್ಣ ಹಚ್ಚುತ್ತಾರೆ. ಹೊಗೆಕೊಳವೆ, ನೀರಿನ ಟ್ಯಾಂಕ್, ಸಿಮೆಂಟ್ ಸೈಲೊದಂಥ ದುಂಡನೆಯ ಭಾಗಗಳಿಗೆ ಹೇಳಿಮಾಡಿಸಿದ ಕೆಲಸ ಅದು. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಹಗುರ ಮರದ ಬಣ್ಣದ ಗೊಂಬೆಗಳ ಪರಂಪರೆಯಿದೆ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಥರ್ಮೋಕೋಲಿನಲ್ಲಿ ಅಣೆಕಟ್ಟು ಕೊರೆಯದೆ ದೊಡ್ಡವರಾದವರು ಕಡಿಮೆ. ಬೆಂಗಳೂರಿನಂಥ ನಗರಗಳಲ್ಲಿ ವಾಸ್ತುಶಿಲ್ಪಿಗಳಿಗೆ ಅಪಾರ್ಟ್‌ಮೆಂಟಿನ ಮಾದರಿ ಮಾಡಿಕೊಡುವವರ ಬಳಿ ಲೇಸರ್ ಯಂತ್ರ, ಅಕ್ರಿಲಿಕ್, ಸನ್‌ಬೋರ್ಡ್, ಪಳಗಿದ ಕೈ ಎಲ್ಲವೂ ಇವೆ. ಕಿಟ್ ತಯಾರಿಕೆಗೆ ಬೇಕಾದ ಕೌಶಲ ಹೀಗೆ ನಾಡಿನಲ್ಲಿ ಅಲ್ಲಲ್ಲಿ ಹರಡಿಕೊಂಡಿದೆ. ಇನ್ನು ಬೇಕಾದದ್ದು ಅಳೆದು ಬರೆದ ನಕ್ಷೆ.

ವಾಡಿ–ಶಹಾಬಾದ್ ಸೀಮೆ

ಮಾದರಿಗೆ ವಸ್ತುವಾಗಿ ಈ ಸೀಮೆ ಸಮೃದ್ಧ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮುಂಬಯಿಯಿಂದ ಆಗ್ನೇಯಕ್ಕೆ ಹಾಕಿಕೊಂಡು ಬಂದ ಮಾರ್ಗ 1871ರಲ್ಲಿ ರಾಯಚೂರು ತಲಪಿ ಮದ್ರಾಸ್ ರೈಲ್ವೆಯನ್ನು ಕೂಡಿಕೊಂಡಿತು. 1874ರಲ್ಲಿ ನಿಜಾಮರ ರಾಜ್ಯದ ಮಾರ್ಗ ವಾಡಿಯಿಂದ ಸಿಕಂದರಾಬಾದಿಗೆ ತೆರೆಯಿತು. ಚಿತ್ತಾಪುರ ತಾಲ್ಲೂಕಿನ ವಾಡಿ ಹೀಗೆ ಜಂಕ್ಷನ್ ಆಯಿತು. ಶಹಾಬಾದ್ ಇರುವುದು ಮುಂಬಯಿ–ಚೆನ್ನೈ ಮಾರ್ಗದ ಮೇಲೆ. ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳು ಸಿಕಂದರಾಬಾದ್ ಮಾರ್ಗದ ಮೇಲಿವೆ. ಅದು ಮುಂದೆ ತೆಲಂಗಾಣದ ತಾಂಡೂರಿಗೆ ಹೋಗುತ್ತದೆ. ಚಿಂಚೋಳಿ ಪಟ್ಟಣಕ್ಕೆ ರೈಲಿಲ್ಲ. ಅಲ್ಲಿನ ಕಾಡು ಮತ್ತು ಗುಡ್ಡ ಲೇಔಟಿನ ಹಿನ್ನೆಲೆಯ ಪರದೆಗೆ ಒದಗುತ್ತವೆ.

ಈ ಊರುಗಳ ರೂಪವನ್ನು ನಿರ್ಧರಿಸಿದ್ದು ಸುಣ್ಣದಕಲ್ಲು. ಭೂವಿಜ್ಞಾನಿಗಳು ಭೀಮಾ ಸಮೂಹ ಎಂದು ಕರೆಯುವ ಶಿಲಾಸ್ತರಗಳು ಇಲ್ಲಿ ಬಹುತೇಕ ಸಮತಟ್ಟಾಗಿ, ಪದರಪದರವಾಗಿ ಹಾಸಿವೆ. ಪದರದ ಸಂದಿಗೆ ಉಳಿ ಹಾಕಿ ಎಬ್ಬಿಸಿದರೆ ಚಪ್ಪಟೆ ಹಾಸುಗಲ್ಲು ಬರುತ್ತದೆ. ಹೊರಗಿನವರಿಗೆ ಅದು ಶಹಾಬಾದ್ ಕಲ್ಲು, ಇಲ್ಲಿಯವರ ಬಾಯಲ್ಲಿ ಪರ್ಸಿ. ಬೂದು, ನೀಲಿಬೂದು, ಮಾಸಲು ಹಳದಿ, ಕೆಲವೆಡೆ ಗುಲಾಬಿ ಬಣ್ಣ. ನೆಲಕ್ಕೆ, ಕಟ್ಟೆಗೆ, ಮಾಳಿಗೆಗೆ, ಹೊಲದ ಬದುವಿನ ಬೇಲಿಗೆ ಎಲ್ಲಕ್ಕೂ ಅದೇ. ದೇಶದ ಎಷ್ಟೋ ನಿಲ್ದಾಣಗಳ ಪ್ಲಾಟ್‌ಫಾರಂಗೂ ಇದೇ ಕಲ್ಲು ಹಾಸಿದ್ದುಂಟು.

ಅದೇ ಸುಣ್ಣದಕಲ್ಲು ಸಿಮೆಂಟನ್ನೂ ತಂದಿತು. ಶಹಾಬಾದಿನ ಹಳೆಯ ಕಾರ್ಖಾನೆ, ವಾಡಿಯ ಎಸಿಸಿ, ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ ಕಾರ್ಖಾನೆಗಳಿಂದಾಗಿ ಸೈಡಿಂಗ್, ಹಾಪರ್, ಕನ್ವೇಯರ್, ಸೈಲೊಗಳ ಸಾಲೇ ಇದೆ. ಮೂಟೆ ಸಿಮೆಂಟ್ ಒಯ್ಯುವ ಮುಚ್ಚಿದ ಬಿಸಿಎನ್ ವ್ಯಾಗನ್‌ಗಳು, ಕಲ್ಲಿದ್ದಲು ತರುವ ತೆರೆದ ಬಾಕ್ಸ್‌ಎನ್‌ಗಳು ಇಲ್ಲಿನ ದಿನನಿತ್ಯದ ನೋಟ. ಇವುಗಳ ಮಾದರಿಗೆ ಹೆಚ್ಚು ಪರದಾಡಬೇಕಿಲ್ಲ. ಸಿಮೆಂಟ್ ಕಾರ್ಖಾನೆಯ ಯಂತ್ರೋಪಕರಣ ಜಗತ್ತಿನಾದ್ಯಂತ ಹೆಚ್ಚುಕಡಿಮೆ ಒಂದೇ ಬಗೆಯದು. ವಾಲ್ತರ್ಸ್‌ನ ಕಾರ್ನರ್‌ಸ್ಟೋನ್ ಸರಣಿಯ ‘ವ್ಯಾಲಿ ಸಿಮೆಂಟ್ ಪ್ಲಾಂಟ್’ ಕಿಟ್‌ನ ಸೈಲೊಗಳನ್ನು ವಾಡಿಯಲ್ಲಿ ನಿಲ್ಲಿಸಿದರೂ ಸಲ್ಲುತ್ತದೆ. ಎತ್ತರವನ್ನು ಮಾತ್ರ ಕುಗ್ಗಿಸಬೇಕು: ನೂರು ಮೀಟರಿನ ಪ್ರಿಹೀಟರ್ ಗೋಪುರ ಎಚ್‌ಒದಲ್ಲಿ 1.15 ಮೀಟರ್ ಆಗಿ ಕೋಣೆಯ ಕಿಟಕಿಗೇ ಅಡ್ಡ ನಿಲ್ಲುತ್ತದೆ.

ಪರ್ಸಿ ಮನೆಗೆ ಅಂಥ ಆಸರೆಯಿಲ್ಲ. ಜರ್ಮನ್ ಕಿಟ್‌ನ ಮಾಡು ಕಡಿದಾದ ಇಳಿಜಾರಿನದು. ಇಂಗ್ಲಿಷ್ ಕಿಟ್‌ನದು ಸ್ಲೇಟಿನದು. ಸೇಡಂ, ಚಿತ್ತಾಪುರದ ಹಳೆಯ ಮನೆಯಾದರೋ ಚಪ್ಪಟೆ ಮಾಳಿಗೆಯದು. ಕಲ್ಲಿನ ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೆ ಬೆಳಕಿಂಡಿ, ಮುಂದೆ ಕಟ್ಟೆ. ಮಾದರಿ ಕಟ್ಟುವವನಿಗೆ ಇದು ಅನುಕೂಲವೇ. ಮೂರು ಸೆಂ.ಮೀ. ದಪ್ಪದ ಪರ್ಸಿ ಎಚ್‌ಒದಲ್ಲಿ 0.35 ಮಿ.ಮೀ. ಆಗುತ್ತದೆ, ಸರಿಸುಮಾರು ಲಗ್ನಪತ್ರಿಕೆಯ ರಟ್ಟಿನಷ್ಟು. ಎರಡಡಿ ಚೌಕದ ಹಾಸುಗಲ್ಲು 7 ಮಿ.ಮೀ. ಹಳೆಯ ಲಗ್ನಪತ್ರಿಕೆಯನ್ನು 7 ಮಿ.ಮೀ. ಪಟ್ಟಿಗಳಾಗಿ ಸೀಳಿ, ಅಡ್ಡಲಾಗಿ ಸ್ವಲ್ಪ ಏರುಪೇರಾಗಿ ಕತ್ತರಿಸಿ, ಫೆವಿಕಾಲ್ ಸವರಿದ ಗಟ್ಟಿ ರಟ್ಟಿನ ಮೇಲೆ ಒಂದೊಂದಾಗಿ ಕೂಡಿಸಬೇಕು. ಕಲ್ಲುಗಳ ನಡುವೆ ಸೂಜಿಮೊನೆಯಷ್ಟು ಸಂದು ಬಿಟ್ಟರೆ ಆಮೇಲೆ ತೆಳು ಕಪ್ಪುನೀರು ಬಳಿದಾಗ ಅದು ಸಂದಿಗೆ ಇಳಿದು ಗಾರೆಯ ಗೆರೆಯಾಗಿ ಕಾಣುತ್ತದೆ. ಎಲ್ಲ ಚೌಕಗಳಿಗೂ ಒಂದೇ ಬೂದು ಬಣ್ಣ ಹಾಕಿದರೆ ಮಾಳಿಗೆ ಸಿಮೆಂಟ್ ತಾರಸಿಯಂತಾಗಿಬಿಡುತ್ತದೆ. ಐದಾರಕ್ಕೊಂದು ನೀಲಿ, ಅಲ್ಲೊಂದು ಇಲ್ಲೊಂದು ಮಾಸಲು ಹಳದಿ ಸೇರಿಸಬೇಕು. ಕಾರ್ಖಾನೆಗೆ ಹತ್ತಿರದ ಮನೆಯಾದರೆ ಕೊನೆಗೆ ಸೀಮೆಸುಣ್ಣದ ಪುಡಿಯನ್ನು ಒಣ ಕುಂಚದಿಂದ ಉದುರಿಸಿದರಾಯಿತು.

ಪ್ಲಾಟ್‌ಫಾರಮ್ಮಿಗೂ ಇದೇ ಕ್ರಮ. ಭಾರತೀಯ ರೈಲ್ವೆಯ ಎತ್ತರದ ಪ್ಲಾಟ್‌ಫಾರಂ ಹಳಿಯ ಮೇಲ್ಮೈಯಿಂದ 760ರಿಂದ 840 ಮಿ.ಮೀ. ಇರುತ್ತದೆ, ಎಚ್‌ಒದಲ್ಲಿ ಅದು 8.7ರಿಂದ 9.7 ಮಿ.ಮೀ. ಯುರೋಪಿನ ಅನೇಕ ಕಿಟ್‌ಗಳ ಪ್ಲಾಟ್‌ಫಾರಂ ಇದಕ್ಕಿಂತ ತಗ್ಗು. ಅದನ್ನೇ ಬಳಸಿದರೆ ಭಾರತದ ಬೋಗಿಯ ಬಾಗಿಲು ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ.

ಗುಡಿ, ಕೋಟೆಗಳೂ ಈ ಸೀಮೆಯಲ್ಲಿ ಹಳಿಗೆ ದೂರವಿಲ್ಲ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಹಿಂದೆ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರವಿತ್ತು. ಅರವತ್ತು ಕಂಬದ ಗುಡಿ ಅಲ್ಲಿದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಮಳಖೇಡದ ಕೋಟೆ ಕಾಗಿಣಾ ನದಿಯ ದಡದಲ್ಲಿದೆ. ಒಂದೇ ಲೇಔಟಿನಲ್ಲಿ ಕೋಟೆಯ ಬುರುಜು, ಸಿಮೆಂಟ್ ಸೈಲೊ, ಪರ್ಸಿ ಮನೆ ಮೂರನ್ನೂ ತೋರಿಸಿದರೆ ಅದು ಕಲ್ಪನೆಯಾಗದು, ಮಳಖೇಡದ ಇಂದಿನ ನಿಜಸ್ಥಿತಿಯೇ ಆಗುತ್ತದೆ.

ಈಗಿನ ಸ್ಥಿತಿ

ಜಗತ್ತಿನ ಹಳೆಯ ಕಿಟ್ ಸಂಸ್ಥೆಗಳಲ್ಲಿ ಕೆಲವು ಮುಚ್ಚಿವೆ, ಕೆಲವು ವಿಲೀನವಾಗಿವೆ. ಹೊಸದಾಗಿ ಹುಟ್ಟುತ್ತಿರುವವರಲ್ಲಿ ಒಬ್ಬಿಬ್ಬರೇ ನಡೆಸುವ ಲೇಸರ್ ಕಟಿಂಗ್ ಘಟಕಗಳು ಹೆಚ್ಚು. ಕೆಲವರು ಪೆಟ್ಟಿಗೆಯನ್ನೂ ಬಿಟ್ಟು ನಕ್ಷೆಯ ಫೈಲನ್ನು ಮಾತ್ರ ಮಾರುತ್ತಾರೆ. ಕೊಂಡವರು ಹತ್ತಿರದ ಅಂಗಡಿಯಲ್ಲಿ ಅದನ್ನು ಕತ್ತರಿಸಿಕೊಳ್ಳುತ್ತಾರೆ ಅಥವಾ ಮನೆಯಲ್ಲೇ ಮುದ್ರಿಸಿಕೊಳ್ಳುತ್ತಾರೆ. ಅಚ್ಚಿನ ಖರ್ಚು ತಪ್ಪಿದ್ದರಿಂದ, ಬೆರಳೆಣಿಕೆಯ ಗಿರಾಕಿಗಳಿರುವ ಸೀಮೆಯ ಕಟ್ಟಡಕ್ಕೂ ಕಿಟ್ ಮಾಡುವುದು ಈಗ ಸಾಧ್ಯ.

ಅಳೆಯುವ ಕೆಲಸಕ್ಕೆ ಮಾತ್ರ ಕಾಲದ ಗಡುವು ಇದೆ. ವಾಡಿ ಮತ್ತು ಶಹಾಬಾದ್ ನಿಲ್ದಾಣಗಳು ಅಮೃತ ಭಾರತ್ ಸ್ಟೇಷನ್ ಯೋಜನೆಯ ಪಟ್ಟಿಯಲ್ಲಿವೆ. ಗದಗ–ವಾಡಿ ಹೊಸ ಮಾರ್ಗವೂ ಬರುತ್ತಿದೆ. ಹೊಸ ಕಟ್ಟಡಗಳಿಗೆ ಪಾಲಿಷ್ ಗ್ರಾನೈಟು, ಟೈಲ್ಸು, ಗಾಜು ಬರುವುದು ಸಹಜ. ಮನೆಗಳಿಗೆ ಆರ್‌ಸಿಸಿ ಸ್ಲ್ಯಾಬ್ ಬಂದು ಬಹಳ ಕಾಲವಾಯಿತು. ಹಳೆಯ ಕಟ್ಟಡದ ಕಿಟ್ ಮಾಡಬೇಕಾದರೆ ಅದು ನಿಂತಿರುವಾಗಲೇ ಅಳತೆಪಟ್ಟಿ ಹಿಡಿಯಬೇಕು. ಎತ್ತರ, ಅಗಲ, ಕಲ್ಲಿನ ವರಸೆಗಳ ಎಣಿಕೆ, ನಾಲ್ಕು ಬದಿಯ ಫೋಟೊ ಇಷ್ಟಿದ್ದರೆ ಸಾಕು. ಪೀಬಾಡಿಯಲ್ಲಾಗಲಿ ಗ್ಯೂಟೆನ್‌ಬಾಖ್‌ನಲ್ಲಾಗಲಿ ಕಿಟ್ ತಯಾರಕರು ಹೊರಟದ್ದು ತಮ್ಮ ಸುತ್ತಲಿನ ಕಟ್ಟಡಗಳಿಂದ. ಶಹಾಬಾದ್ ಸೀಮೆಯ ಮೊದಲ ಕಿಟ್‌ಗೂ ಆರಂಭ ಅಲ್ಲಿನ ಒಂದು ಮಾಳಿಗೆ ಮನೆಯ ನಕ್ಷೆಯೇ ಆಗಬೇಕು.